ಅಮ್ಮಮ್ಮನ ಒರಳಿನ ಫ್ರೆಂಚು

ಆ ಕಾಲ ಅಂದರೆ ತೀರಾ ರಾಜಮಹಾರಾಜರ ಕಾಲವೇನಲ್ಲ. ಮೊಬೈಲಿನಲ್ಲಿ ಒಂದು ಅಕ್ಷರ ಬರಬೇಕಾದರೆ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಕಿದ್ದ ಕಾಲ. ಗುಲ್ವಾಡಿಯಲ್ಲಿ ಅದಕ್ಕೂ ಸಿಗ್ನಲ್ ಬೇಕಾದರೆ ಹೊಳೆದಂಡೆಯ ತೆಂಗಿನಮರದ ಬುಡಕ್ಕೆ ಹೋಗಿ, ಒಂದು ಕಾಲು ಎತ್ತಿ ನಿಲ್ಲಬೇಕಿತ್ತು. ಬೇಸಿಗೆ ರಜೆ ಸಿಕ್ಕ ಮರುದಿನವೇ ಅಮ್ಮ ನನ್ನನ್ನೂ ಒಂದು ಬಟ್ಟೆ ಚೀಲವನ್ನೂ ಬ್ರಹ್ಮಾವರದಲ್ಲಿ ಬಸ್ಸು ಹತ್ತಿಸಿ, ಕುಂದಾಪುರದಲ್ಲಿ ಇಳಿಸಿ, ಇನ್ನೊಂದು ಬಸ್ಸಿಗೆ ತುರುಕಿ, ಗುಲ್ವಾಡಿಯ ತನ್ನ ತವರಿಗೆ ಮುಟ್ಟಿಸುತ್ತಿದ್ದಳು. ಎರಡರಲ್ಲಿ ಚೀಲವೇ ವಾಸಿ. ಅದು ಬಾಯಿ ಬಿಡುತ್ತಿರಲಿಲ್ಲ.

ನಾನು ಬಾಯಿ ಮುಚ್ಚುತ್ತಿರಲಿಲ್ಲ. ಕಂಡವರ ಸ್ವರವನ್ನೆಲ್ಲ ತೆಗೆದು ನನ್ನ ಬಾಯಿಗೆ ಹಾಕಿಕೊಳ್ಳುವ ರೋಗ ನನಗೆ ಹುಟ್ಟಿನಿಂದ ಇತ್ತು. ಕಂಡಕ್ಟರಿನ ಹಿಂದೆ ನಿಂತು, "ಹ್ವಾಯ್, ಒಳ್ಗ್ ಹೋಯ್ನಿ, ಒಳ್ಗ್ ಜಾಗ್ ಇತ್ತ್!" ಎಂದು ಅವನದೇ ಮೂಗಿನಲ್ಲಿ ಕೂಗಿದರೆ ಜನ ನಿಜಕ್ಕೂ ಒಳಗೆ ಸರಿಯುತ್ತಿದ್ದರು. ಒಮ್ಮೆ ಕಂಡಕ್ಟರೇ ಸರಿದಿದ್ದ. ನಮ್ಮ ಹೆಡ್‌ಮಾಸ್ಟರ ಕೆಮ್ಮು, ಪಕ್ಕದ ಮನೆಯ ಮಿಕ್ಸಿ, ಕರು ಹಾಕುವ ಮೊದಲಿನ ದನದ ನರಳಾಟ — ಎಲ್ಲವೂ ನನ್ನಲ್ಲಿ ಸ್ಟಾಕ್ ಇದ್ದವು. ನನ್ನದೇ ಸ್ವರ ಯಾವುದು ಅಂತ ಕೇಳಿದರೆ ಮಾತ್ರ ಉತ್ತರ ಇರಲಿಲ್ಲ. ಕೇಳಿದವರು ಹೇಳುವ ಪ್ರಕಾರ ಅದು ಒಡಕು ಶಂಖದ್ದು.

ಅಮ್ಮಮ್ಮನ ಮನೆಯಲ್ಲಿ ಆ ರಜೆಯ ದೊಡ್ಡ ಕೆಲಸ ಹಲಸಿನ ಹಪ್ಪಳ. ಬಲಿತ, ಆದರೆ ಇನ್ನೂ ಹಣ್ಣಾಗದ ಹಲಸಿನಕಾಯಿಯನ್ನು ಅಂಗಳದಲ್ಲಿ ಸೀಳಿದರೆ ಒಂದು ಹಸಿ ವಾಸನೆ ಬರುತ್ತದಲ್ಲ, ಅದೇ ನನಗೆ ರಜೆಯ ವಾಸನೆ. ಎಲ್ಲರ ಕೈಗೂ ತೆಂಗಿನೆಣ್ಣೆ, ಎಲ್ಲರ ಮೊಣಕೈಗೂ ಮೇಣ. ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಮೆಣಸು ಜೀರಿಗೆ ಉಪ್ಪು ಹಾಕಿ ಕಲ್ಲಿನ ಒರಳಿಗೆ ಸುರಿದರೆ, ಬಿಸಿ ಆರುವುದರೊಳಗೆ ಕುಟ್ಟಿ ಮುಗಿಸಬೇಕು. ಆರಿದರೆ ಹಿಟ್ಟು ನಾರು ನಾರಾಗಿ ಉಳಿದು ಹಪ್ಪಳ ಅಂಚಿನಲ್ಲಿ ಸೀಳುತ್ತದೆ. ಬೇಗ ಮುಗಿಯಬೇಕೆಂದು ಒಂದೇ ಒರಳಿಗೆ ಎರಡು ಒನಕೆ. ಒಂದು ಇಳಿಯುವಾಗ ಇನ್ನೊಂದು ಏರಬೇಕು. ಲೆಕ್ಕ ತಪ್ಪಿತೋ, ಒನಕೆಗೆ ಒನಕೆ ಬಡಿದು ಕೈ ಜುಮ್ಮೆನ್ನುತ್ತದೆ. ಹಾಗಾಗಿ ಕುಟ್ಟುವಾಗ ಬಾಯಲ್ಲೊಂದು ತಾಳ ಬೇಕು. ಬೇರೆ ಮನೆಗಳಲ್ಲಿ ಅದಕ್ಕೆ ಹಾಡು ಹೇಳುತ್ತಿದ್ದರು. ನಮ್ಮ ಅಮ್ಮಮ್ಮನ ಮನೆಯಲ್ಲಿ ಫ್ರೆಂಚ್ ಹೇಳುತ್ತಿದ್ದರು.

ನಗಬೇಡಿ. ಅಮ್ಮಮ್ಮನ ಅಪ್ಪ ಪಾಂಡಿಚೇರಿಯಲ್ಲಿ ಒಂದು ಸಣ್ಣ ಕಾಫಿ ತಿಂಡಿಯ ಹೋಟೆಲು ಇಟ್ಟಿದ್ದರಂತೆ. ಆಗ ಆ ಊರು ಫ್ರೆಂಚರ ಕೈಯಲ್ಲಿತ್ತು. ಹೋಟೆಲಿನ ಎದುರಿನ ಶಾಲೆಯಲ್ಲಿ ನಮ್ಮ ಅಮ್ಮಮ್ಮ ಲಂಗ ಹಾಕಿಕೊಂಡು ಬೆಂಚಿನ ಮೇಲೆ ಕೂತು ಫ್ರೆಂಚ್ ಕಲಿತಳಂತೆ. ಮದುವೆಯ ವಯಸ್ಸು ಅಂತ ಅವರು ಲೆಕ್ಕ ಹಾಕಿದ ವಯಸ್ಸಿಗೆ ಊರಿಗೆ ಕರೆದುಕೊಂಡು ಬಂದರಂತೆ. ಹೋಟೆಲು ಮುಚ್ಚಿತು, ಅಪ್ಪ ತೀರಿಕೊಂಡರು, ಒಂದು ಫೋಟೋ ಕೂಡ ಉಳಿಯಲಿಲ್ಲ. ಉಳಿದದ್ದು ಕ್ರಿಯಾಪದದ ಮಗ್ಗಿ. ಅದನ್ನು ಅವಳು ಒರಳಿಗೆ ಹಾಕಿದ್ದಳು.

ಒನಕೆ ಎತ್ತಿ ಅಮ್ಮಮ್ಮ ಶುರು ಮಾಡುತ್ತಿದ್ದಳು: "ಜ ಫ್ಯೂ!" ಧಡ್. ಎದುರಿನ ಒನಕೆ ನನ್ನ ಅಮ್ಮನದು: "ತ್ಯೂ ಫ್ಯೂ!" ಧಡ್. ಮಣೆಯಲ್ಲಿ ಹಪ್ಪಳ ಒತ್ತುತ್ತಿದ್ದ ಲಚ್ಚಕ್ಕ, "ಇಲ್ ಫ್ಯೂ!" ಲಚ್ಚಕ್ಕ ಗಂಗೊಳ್ಳಿಯಿಂದ ಮೀನು ತರುವವರು, ಬುಟ್ಟಿ ಖಾಲಿಯಾದ ಮೇಲೆ ನಮ್ಮಲ್ಲಿ ಚಾ ಕುಡಿದು, ಕೈ ತೊಳೆದು ಹಪ್ಪಳಕ್ಕೆ ಕೂರುತ್ತಿದ್ದರು. ಆಮೇಲೆ ಎಲ್ಲರೂ ಒಟ್ಟಿಗೆ, "ನೂ ಫ್ಯೂಮ್!" ಚಾಪೆಗೆ ಹಪ್ಪಳ ಸಾಗಿಸುವ ನಾನು, "ವೂ ಫ್ಯೂತ್!" ಕೊನೆಯದು, "ಇಲ್ ಫ್ಯೂರ್." ಅದನ್ನು ಹೇಳುವವರಿರಲಿಲ್ಲ. ಜಗಲಿಯ ಕಡೆಗೊಮ್ಮೆ ನೋಡಿ, ಸ್ವರ ತಗ್ಗಿಸಿ, ಅಮ್ಮಮ್ಮ ಅದನ್ನೂ ತಾನೇ ಹೇಳಿ ಮುಗಿಸುತ್ತಿದ್ದಳು.

ಅರ್ಥ ಬಹಳ ದೊಡ್ಡದಲ್ಲ. ನಾನಿದ್ದೆನು, ನೀನಿದ್ದೆ, ಅವನಿದ್ದನು, ನಾವಿದ್ದೆವು, ನೀವಿದ್ದಿರಿ, ಅವರಿದ್ದರು. ಅಷ್ಟೇ. ನನಗಂತೂ ಅದು ಒಲೆ ಊದುವ ಸದ್ದಿನ ಹಾಗೆ ಕೇಳುತ್ತಿತ್ತು. ಹಿಟ್ಟು ಮುಗಿದು ಒತ್ತುವ ಕೆಲಸಕ್ಕೆ ಬಂದರೆ ಬೇರೆ ಪದ, 'ಬಂದೆನು, ಬಂದನು' ಅನ್ನುವುದು: "ಜ ವ್ಯಾಂ, ತ್ಯೂ ವ್ಯಾಂ, ಇಲ್ ವ್ಯಾಂ." ಅದು ತೊಟ್ಟಿಲಲ್ಲಿ ಮಗು ಎದ್ದ ಹಾಗೆ.

ಜಗಲಿಯಲ್ಲಿ ಬೆನ್ನು ಹಾಕಿ ಕೂತವರು ಸಿಂಗಾರಜ್ಜಿ, ಅಜ್ಜನ ತಂಗಿ. ಗಂಡ ಹೋದ ಮೇಲೆ ತವರಿಗೆ ಬಂದು ನಿಂತವರು. ಅಜ್ಜ ಹೋದ ಮೇಲೂ ಈ ಅತ್ತಿಗೆ ನಾದಿನಿ ಒಂದೇ ಕವಳದ ತಟ್ಟೆಯಲ್ಲಿ ಎಲೆಅಡಿಕೆ ಹಾಕುತ್ತ, ಒಂದೇ ಬಾಯಲ್ಲಿ ಜಗಳವಾಡುತ್ತ ಇದ್ದರು. ಹಿಟ್ಟಿನ ಉಂಡೆ ಕಟ್ಟುವ ಕೆಲಸ ಸಿಂಗಾರಜ್ಜಿಯದು. ಅವರ ಉಂಡೆ ಅಂದರೆ ಗೋಲಿಯ ಹಾಗೆ, ಒಂದಕ್ಕಿಂತ ಒಂದು ಹೆಚ್ಚಿಲ್ಲ ಕಡಿಮೆ ಇಲ್ಲ. ಆದರೆ ಫ್ರೆಂಚ್ ಮಾತ್ರ ಹೇಳುತ್ತಿರಲಿಲ್ಲ.

"ಕೈ ಬೇಕಾರ್ ತಕೊ ಅತ್ಗೆ, ಬಾಯ್ ಕೊಡುದಿಲ್ಲೆ," ಅನ್ನುತ್ತಿದ್ದರು. "ಅದ್ ಫ್ರೆಂಚೋ, ನೀನೇ ಕಟ್ಟದ್ದೋ, ಯಾರಿಗ್ ಗೊತ್ತಿತ್ತ್? ಪಾಂಡಿಚೇರಿ ಅಂದ್ರೆ ಎಲ್ಲಾಯ್ತ್? ಯಡ್ತರೆಯಿಂದ ಆಚೀಗ್ ನಾ ಕಂಡದ್ದೇ ಇಲ್ಲೆ."

"ನೀ ಕಾಣದ್ದ್ ಊರೆಲ್ಲ ಸುಳ್ಳಾ ಹಾಂಗಾರೆ?"

"ಊರ್ ಇರ್ಲಿ ಮಾರಾಯ್ತಿ. ನೀ ಅಲ್ಲ್ ಇದ್ದದ್ದ್ ಹೌದಾ ಅಂದೇಳಿ ಕೇಂತಿಪ್ಪುದ್."

ಇದು ಅವರಿಬ್ಬರ ಹಳೆಯ ಆಟ. ಅಮ್ಮಮ್ಮ ನಗುತ್ತಿದ್ದಳು. ಆದರೆ ನಕ್ಕ ಮೇಲೆ ಒನಕೆ ಸ್ವಲ್ಪ ಜೋರಾಗಿ ಬೀಳುತ್ತಿತ್ತು.

ನಾನು ಐದನೇ ಕ್ಲಾಸು ಮುಗಿಸಿದ ರಜೆಯಲ್ಲಿ ಈ ಆಟ ಆಟವಾಗಿ ಉಳಿಯಲಿಲ್ಲ. ಕಾರಣ ಯಾರೆಂದು ಕೇಳುತ್ತೀರಾ? ಎಲ್ಲ ಅನಾಹುತಗಳಿಗೂ ಕಾರಣವಾದ ಅದೇ ಒಡಕು ಶಂಖ.

ಸುಬ್ಬು ಮಾವ, ಅಂದರೆ ಅಮ್ಮನ ತಮ್ಮ, ಮದ್ದಳೆ ಬಾರಿಸುತ್ತಿದ್ದ. ಸಾಲಿಗ್ರಾಮದ ಹತ್ತಿರ ಒಬ್ಬ ವಯಸ್ಸಾದ ಗುರುಗಳು ಮನೆಯಂಗಳದ ಚಪ್ಪರದಲ್ಲಿ ಯಕ್ಷಗಾನದ ಹೆಜ್ಜೆ ಕಲಿಸುತ್ತಿದ್ದರು. ಅಲ್ಲಿಗೆ ಬಾರಿಸಲು ಹೋಗುವಾಗ ಮಾವ ನನ್ನನ್ನೂ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋದ. ಚಪ್ಪರದಲ್ಲಿ ಕಾಲಿಗೆ ಗೆಜ್ಜೆ ಕಟ್ಟಿ ಬೆವರು ಸುರಿಸುತ್ತ ಕುಣಿಯುತ್ತಿದ್ದವರು ಒಬ್ಬ ಬಿಳಿ ಹೆಂಗಸು. ಮೂಗು ಬಿಸಿಲಿಗೆ ಕೆಂಪಾಗಿತ್ತು. ಹೆಸರು ಸೋಲೆನ್ ಅಂತ. ಅದು ಬಾಯಿಗೆ ಹಿಡಿಯದೆ ಅಲ್ಲಿಯವರೆಲ್ಲ ಸೇರಿ ಸುಲೋಚನಾ ಮಾಡಿದ್ದರು. ಕುಣಿತ ನಿಂತಾಗ ನಾನು ಗುರುಗಳ ಹಾಗೆ ಕತ್ತು ಓರೆ ಮಾಡಿ, ಎಲೆಅಡಿಕೆ ತುಂಬಿದ ಬಾಯಲ್ಲಿ "ತಕಿಟ ತದ್ದಿನ" ಅಂದೆ. ಆಕೆ ತಿರುಗಿ ನೋಡಿ ಕೈ ಮುಗಿದರು.

"ಬಾಲಕನೇ, ನಿನ್ನ ನಾಮಧೇಯವೇನು?"

ನಾನು ತಬ್ಬಿಬ್ಬಾದೆ. ಅಲ್ಲಿಯವರೆಗೆ ನನ್ನನ್ನು ಎಲ್ಲರೂ 'ಹೆಡ್ಡ' ಅಂತಲೋ 'ಮಂಗ' ಅಂತಲೋ ಕರೆದಿದ್ದರೇ ಹೊರತು ಬಾಲಕ ಅಂದವರಿಲ್ಲ. ಮಾವ ಕಿವಿಯಲ್ಲಿ ಹೇಳಿದ, "ಅವ್ರ್ ಕನ್ನಡ ಕಲ್ತದ್ದೇ ಯಕ್ಷಗಾನದ್ ಆಟದಿಂದ ಮಾರಾಯ. ಅಂಗಡಿಗ್ ಹೋರೂ ಹೀಂಗೇ ಮಾತಾಡುದ್. ಮೊನ್ನೆ, 'ಎಲೈ ವರ್ತಕನೇ, ಒಂದು ಸಾಬೂನನ್ನು ಕರುಣಿಸು' ಅಂದ್ರಂಬ್ರ್."

"ತಾವು ಯಾವ ಊರಿನವರು?" ನಾನೂ ವೇಷ ಕಟ್ಟಿದವನ ಹಾಗೆ ಕೇಳಿದೆ.

"ಫ್ರಾನ್ಸ್ ದೇಶದಿಂದ ಬಂದೆನು."

ಫ್ರಾನ್ಸ್! ಸಿಂಗಾರಜ್ಜಿಯ ಬಾಯಿ ಮುಚ್ಚಿಸಲು ದೇವರೇ ಬೈಕು ಹತ್ತಿಸಿದ್ದು ಅನ್ನಿಸಿತು. ನಾನು ಅಲ್ಲೇ ಕಾಲು ಅಗಲಿಸಿ, ಇಲ್ಲದ ಒನಕೆ ಎತ್ತಿ, ಅಮ್ಮಮ್ಮನ ಸ್ವರದಲ್ಲಿ ಕುಟ್ಟತೊಡಗಿದೆ: "ಜ ಫ್ಯೂ, ತ್ಯೂ ಫ್ಯೂ, ಇಲ್ ಫ್ಯೂ..."

ಆಕೆಯ ಬಾಯಿ ತೆರೆದೇ ಉಳಿಯಿತು. ಆಮೇಲೆ ನಗು. ಎಂಥ ನಗು ಅಂದರೆ ಗೆಜ್ಜೆ ಸಮೇತ ನೆಲಕ್ಕೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣು ಒರೆಸಿಕೊಂಡು ನಕ್ಕರು. "ಇನ್ನೊಮ್ಮೆ, ಇನ್ನೊಮ್ಮೆ!" ಅಂದರು. ನಾನು ಹೇಳಲಿಲ್ಲ. ಜನರನ್ನು ನಗಿಸುವುದೇ ಕಸುಬಾದವನಿಗೂ, ಯಾವಾಗ ನಗಿಸಿದ್ದು ಯಾವಾಗ ನಗೆಪಾಟಲಾದದ್ದು ಅಂತ ಗೊತ್ತಾಗುತ್ತದೆ. ಮಾವನಿಗೆ ಗೊತ್ತಾಗಲಿಲ್ಲ. ಅವನು ಹಲ್ಲು ಕಿರಿದು, "ನಮ್ಮ ಅಬ್ಬಿ, ಅಂದ್ರೆ ಅಮ್ಮ, ಕಲಿಸಿದ್ದು. ನಾಡಿದ್ದು ಮನೆಗೆ ಬನ್ನಿ, ಹಪ್ಪಳ ಮಾಡ್ತಾರೆ," ಅಂತ ಕರೆದೇಬಿಟ್ಟ.

ವಾಪಸು ಬರುವಾಗ ನಾನು ಟ್ಯಾಂಕಿನ ಮೇಲೆ ಕಲ್ಲಾಗಿ ಕೂತಿದ್ದೆ.

"ಮಾವ, ಅವ್ರ್ ಎಂತಕ್ ನೆಗಾಡದ್ದ್?"

"ನಿನ್ ಮುಖ ಕಂಡ್ ನೆಗಾಡಿರ್ಕ್."

"ಅಲ್ಲ ಮಾವ. ಅದ್ ಫ್ರೆಂಚ್ ಹೌದಾರೆ ಅವ್ರಿಗ್ ನೆಗಿ ಎಂತಕ್ ಬತ್ತ್?"

ಮಾವ ಗೇರು ಬದಲಾಯಿಸಿದ.

ಮನೆಯಲ್ಲಿ ಸುದ್ದಿ ಮುಟ್ಟಿದಾಗ ಸಿಂಗಾರಜ್ಜಿ ತೊಡೆ ತಟ್ಟಿ ಎದ್ದು ಕೂತರು. "ಬರ್ಲಿ! ಈ ಸಲ ನಾನೂ ಹೊರ್ಗ್ ತಿರ್ಗಿ ಕೂಕಂತೆ. ಹಾಲು ಯಾವ್ದ್, ನೀರ್ ಯಾವ್ದ್ ಕಾಂಬ." ಅಮ್ಮಮ್ಮ ಎದ್ದು ಒಲೆಯ ಹತ್ತಿರ ಹೋದಳು. ಅಂದು ಮಧ್ಯಾಹ್ನದ ಮೀನಿನ ಸಾರಿಗೆ ಎರಡೆರಡು ಸಲ ಉಪ್ಪು ಬಿದ್ದಿತ್ತು. ಯಾರೂ ಬಾಯಿ ಬಿಡದೆ ಉಂಡೆವು, ಸಿಂಗಾರಜ್ಜಿಯೂ.

ಮರುದಿನ ಕುಟ್ಟುವಾಗ ಅಮ್ಮಮ್ಮ ಬಾಯಿ ತೆರೆಯಲಿಲ್ಲ. "ಗಂಟ್ಲ್ ನೋವ್," ಅಂದಳು. ತಾಳವಿಲ್ಲದ ಒನಕೆಗಳು ಒಂದನ್ನೊಂದು ಹುಡುಕುತ್ತ ಕುಟ್ಟಿದವು. ಹಿಟ್ಟು ನಾರಾಯಿತು. ಅಂದಿನ ಹಪ್ಪಳಗಳೆಲ್ಲ ಹರಿದ ಕಿವಿಗಳ ಹಾಗೆ ಚಾಪೆಯ ಮೇಲೆ ಬಿದ್ದುಕೊಂಡಿದ್ದವು.

ಮಧ್ಯಾಹ್ನ ಕಾಗೆ ಕಾಯುವ ಪಾಳಿ ನನ್ನದು. ನಾನು ಕೋಲಿನಿಂದ ಓಡಿಸುತ್ತಿರಲಿಲ್ಲ. ಸಾಯುವ ಕಾಗೆಯ ಕೂಗು ಕೂಗುತ್ತಿದ್ದೆ, ಅವು ನೆಂಟರಿಷ್ಟರಿಗೆಲ್ಲ ಸುದ್ದಿ ಹೇಳಲು ಹಾರಿಹೋಗುತ್ತಿದ್ದವು. ಅಮ್ಮಮ್ಮ ಸೆರಗು ತಲೆಗೆ ಹಾಕಿಕೊಂಡು ಬಂದು ಹತ್ತಿರ ಕೂತಳು. ಒಂದು ಉಂಡೆ ಹಸಿ ಹಿಟ್ಟಿಗೆ ತೆಂಗಿನೆಣ್ಣೆ ಸವರಿ ನನ್ನ ಬಾಯಿಗೆ ಇಟ್ಟಳು. ಹಪ್ಪಳಕ್ಕಿಂತ ಹಪ್ಪಳದ ಹಿಟ್ಟೇ ರುಚಿ ಅಂತ ತಿಂದವರಿಗೆ ಗೊತ್ತು.

"ಅವ್ರ್ ನೆಗಾಡ್ರ್ ಅಂಬ್ರಲೆ," ಅಂದಳು.

ನನ್ನ ಬಾಯಲ್ಲಿ ಹಿಟ್ಟು ನಿಂತಿತು. ಮಾವನ ಬಾಯಿಯಲ್ಲಿ ಯಾವುದೂ ನಿಲ್ಲುವುದಿಲ್ಲ.

"ನಂಗೆ ಮಾತಾಡುಕೆ ಬತ್ತಿಲ್ಲೆ ಮಗಾ. ಬತ್ತಿತ್ತ್ ಕಾಣ್. ಇಲ್ಲ್ ಯಾರ್ ಹತ್ರ ಮಾತಾಡುದ್? ಎಲ್ಲ ಹೋಯ್ತ್. ಈ ಮಗ್ಗಿ ಒಂದ್ ಉಳೀತ್. ಅದ್ ಸಮೇತ ಬಾಯಲ್ಲ್ ಆಡು ಮಾತಲ್ಲ ಅಂತಿದ್ರ್ ಟೀಚರ್, ಕಥಿ ಪುಸ್ತಕದಗ್ ಮಾತ್ರ ಬಪ್ಪುದಂಬ್ರ್. ನಾವ್ ಹೆಣ್‌ಮಕ್ಳೆಲ್ಲ ಬೆಂಚಿನ್ ಮೇಲೆ ನಿಂತ್ಕಂಡ್, ಒಬ್ಬೊಬ್ರ್ ಒಂದೊಂದ್ ಹೇಳುದ್. ಒಬ್ಳ್ ತಪ್ಪಿರೆ ಮತ್ತೆ ಮೊದ್ಲಿಂದ."

"ಹಾಂಗಾರೆ ಅದ್ ಫ್ರೆಂಚೇ ಅಲ್ದಾ ಅಮ್ಮಮ್ಮ?"

ಅವಳು ಚಾಪೆಯ ಮೇಲಿನ ಒಂದು ಹರಿದ ಹಪ್ಪಳವನ್ನು ತಿರುಗಿಸಿ ಹಾಕಿದಳು. "ಕುಟ್ಟಿ ಕುಟ್ಟಿ ಎಂತಾಯಿತ್ತೋ ಏನೋ. ನಂಗೇ ಈಗ ಗೊತ್ತಾತಿಲ್ಲೆ. ಸಿಂಗಾರಿ ಹೇಳುದ್ ಹೌದಾದ್ರೆ, ನಾ ಅಲ್ಲ್ ಇದ್ದದ್ದೇ ಸುಳ್ಳ್ ಆಯ್ತಲೆ. ಅಪ್ಪಯ್ಯನ್ ಹೋಟ್ಲ್ ಇಲ್ಲೆ, ಆ ಮಕ್ಳ್ ಎಲ್ಲಿದ್ರೋ ಗೊತ್ತಿಲ್ಲೆ. ನಂಗೆ ಇದ್ ಬಿಟ್ರೆ ಬೇರೆ ಎಂತ ಇತ್ತ್ ಹೇಳ್?"

ಯಾರ ಸ್ವರವನ್ನಾದರೂ ಹಾಕಿಕೊಂಡು ಅವಳನ್ನು ನಗಿಸಬೇಕೆಂದು ಬಾಯಿ ತೆರೆದೆ. ಕಂಡಕ್ಟರು ಬರಲಿಲ್ಲ, ಹೆಡ್‌ಮಾಸ್ಟರೂ ಬರಲಿಲ್ಲ. ಆ ಸಂದಿನಲ್ಲಿ ಒಂದು ನಿಜವಾದ ಕಾಗೆ ಬಂದು ಹಪ್ಪಳ ಎತ್ತಿಕೊಂಡು ಹೋಯಿತು. ಇಬ್ಬರೂ ಅದನ್ನು ಓಡಿಸಲಿಲ್ಲ.

ನಾಡಿದ್ದು ಬಂದೇಬಂತು. ಸುಲೋಚನಾ ಚೂಡಿದಾರ ಹಾಕಿ, ಮಲ್ಲಿಗೆ ಮುಡಿದು, ಮಾವನ ಬೈಕಿನಿಂದ ಇಳಿದು ಅಂಗಳದಲ್ಲಿ ಕೈ ಮುಗಿದರು.

"ತಾಯಂದಿರೇ, ನಾನು ಬಂದೆನು. ದಾರಿಯಲ್ಲಿ ನದಿಯನ್ನು ಕಂಡೆನು. ಬಹಳ ಸಂತೋಷವನ್ನು ಹೊಂದಿದೆನು."

ನಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹೀಗೆ ಮಾತಾಡುವವರಿಗೆ 'ಕೂಕಣಿ' ಅಂದರೆ ಸಾಕಾಗುತ್ತದೋ ಇಲ್ಲವೋ! ಅಮ್ಮ ತಡಬಡಿಸಿ, "ಆಸನದಲ್ಲಿ ಕೂತ್ಕೊಳ್ಳುವಂಥವರಾಗಿ," ಅಂದಳು. ಲಚ್ಚಕ್ಕ ಇನ್ನೂ ಮುಂದೆ ಹೋಗಿ, ಸೊಂಟಕ್ಕೆ ಕೈ ಕೊಟ್ಟು, "ಎಲೌ ಸುಲೋಚನೆಯೇ, ಬಂಗುಡೆ ಮೀನನ್ನು ತಿನ್ನುವೆಯಾ?" ಅಂದರು. "ತಿನ್ನುವೆನು!" ಅಂದರು ಸುಲೋಚನಾ. ಅಂಗಳವೆಲ್ಲ ನಗು. ಅಮ್ಮಮ್ಮ ಒಬ್ಬಳು ಮಾತ್ರ ಒನಕೆ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದಳು. ಸಿಂಗಾರಜ್ಜಿ ಹೇಳಿದಂತೆ ಈ ಸಲ ಅಂಗಳಕ್ಕೇ ಮುಖ ಮಾಡಿ ಕೂತಿದ್ದರು.

ಸುಲೋಚನಾ ನೇರ ಅಮ್ಮಮ್ಮನ ಹತ್ತಿರ ಹೋಗಿ, ಎರಡೂ ಕೈ ಹಿಡಿದು, ತನ್ನ ಭಾಷೆಯಲ್ಲಿ ಮಾತಾಡತೊಡಗಿದರು. ಮಾತೆಂದರೆ ಮಾತಲ್ಲ, ಹೊಳೆಗೆ ನೆರೆ ಬಂದ ಹಾಗೆ. ಪದ ಎಲ್ಲಿ ಮುಗಿಯುತ್ತದೆ, ಎಲ್ಲಿ ಶುರುವಾಗುತ್ತದೆ ಅಂತಲೇ ತಿಳಿಯದು. ಅದು ನಿಂತಿತು. ಎಲ್ಲರೂ ಅಮ್ಮಮ್ಮನ ಬಾಯಿ ನೋಡಿದರು. ಅಮ್ಮಮ್ಮನ ತುಟಿ ಅಲ್ಲಾಡಿತು, ಸ್ವರ ಬರಲಿಲ್ಲ.

"ಹ್ಮ್," ಅಂದರು ಸಿಂಗಾರಜ್ಜಿ. ಅಷ್ಟೇ. ಅವರಿಗೂ ಗೆದ್ದದ್ದು ಹಿತವಾಗಲಿಲ್ಲವೋ ಏನೋ, ಕಣ್ಣು ಕೆಳಗೆ ಹಾಕಿದರು.

ಸದ್ಯ, ಹಲಸಿನ ಸೊಳೆಗೆ ಮನುಷ್ಯರ ಮರ್ಯಾದೆಯ ಪರಿವೆ ಇಲ್ಲ. ಒಲೆಯ ಮೇಲಿನ ಪಾತ್ರೆಯಿಂದ ಹಬೆ ನುಗ್ಗುತ್ತಿತ್ತು. "ಅಬ್ಬೀ, ಬಿಸಿ ಆರ್ತ್," ಅಂದಳು ಅಮ್ಮ. ಸೊಳೆ ಒರಳಿಗೆ ಬಿತ್ತು. ಆರುವುದರೊಳಗೆ ಕುಟ್ಟಬೇಕು, ನೆಂಟರು ಬಂದರೂ, ಮಾನ ಹೋದರೂ. ಅಮ್ಮಮ್ಮ ತುಟಿ ಕಚ್ಚಿ ಒನಕೆ ಎತ್ತಿದಳು. ಬಾಯಿ ಮುಚ್ಚಿಯೇ ಇತ್ತು. ಧಡ್... ಧಡ್... ಎರಡನೆಯದಕ್ಕೇ ಒನಕೆಗೆ ಒನಕೆ ಬಡಿಯಿತು. ಅಮ್ಮಮ್ಮ ಕೈ ಜಾಡಿಸಿಕೊಂಡಳು.

ಆ ಪೆಟ್ಟಿನ ಸದ್ದಿಗೆ ನನ್ನ ಬಾಯಿ ತಾನಾಗಿ ತೆರೆಯಿತು. ನಾನು ತೆರೆದದ್ದಲ್ಲ, ಬಿದ್ದವರನ್ನು ಹಿಡಿಯಲು ಕೈ ಚಾಚುವುದಿಲ್ಲವೇ, ಹಾಗೆ. ಬಂದದ್ದು ಅಮ್ಮಮ್ಮನ ಸ್ವರ.

"ಜ ಫ್ಯೂ!"

ಅಮ್ಮನ ಒನಕೆ ಅಭ್ಯಾಸಬಲದಿಂದ ಇಳಿಯಿತು. "ತ್ಯೂ ಫ್ಯೂ!" ಮಣೆ ಹಿಡಿದ ಲಚ್ಚಕ್ಕ, ಬಂಗುಡೆಯ ಧಾಟಿಯಲ್ಲೇ, "ಇಲ್ ಫ್ಯೂ!" ಆಮೇಲೆ ನಾವೆಲ್ಲ, ಅಮ್ಮಮ್ಮ ಒಬ್ಬಳನ್ನು ಬಿಟ್ಟು, "ನೂ ಫ್ಯೂಮ್!" ನಾನು ನನ್ನದನ್ನು ನನ್ನದೇ ಒಡಕು ಸ್ವರದಲ್ಲಿ, "ವೂ ಫ್ಯೂತ್!"

ಮುಂದಿನದು ಯಾರದೂ ಅಲ್ಲ. ಅಮ್ಮಮ್ಮ ಹೇಳಬೇಕು. ಅವಳು ಹೇಳಲಿಲ್ಲ. ಎತ್ತಿದ ಒನಕೆ ಮೇಲೆಯೇ ನಿಂತಿತು.

"ಇಲ್ ಫ್ಯೂರ್," ಅಂದಿತು ಒಂದು ಸ್ವರ.

ಸುಲೋಚನಾ. ನಗುತ್ತಿರಲಿಲ್ಲ. ಎರಡೂ ಕೈ ಹಿಂದೆ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ಗಲ್ಲ ಎತ್ತಿ, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ ನಿಂತಿದ್ದರು. ರಾಗವೂ ಅದೇ, ಕೊನೆಯಲ್ಲಿ ಸ್ವರ ಇಳಿಸುವ ಜಾಗವೂ ಅದೇ.

ಅಮ್ಮಮ್ಮ ಅವರನ್ನೇ ನೋಡಿದಳು. ಆಮೇಲೆ ಒನಕೆ ಒಂದು ಬದಿಗೆ ಒರಗಿಸಿ, ಎಣ್ಣೆ ಕೈಗಳನ್ನು ಸೀರೆಗೆ ಒರೆಸಿ, ತಾನೂ ಕೈ ಹಿಂದೆ ಕಟ್ಟಿ ನಿಂತಳು.

"ಜ ವ್ಯಾಂ," ಅಂದಳು, ಮೆಲ್ಲಗೆ.

"ತ್ಯೂ ವ್ಯಾಂ," ಅಂದರು ಸುಲೋಚನಾ.

ಇಬ್ಬರೂ ಒಂದರ ಮೇಲೊಂದು ಕ್ರಿಯಾಪದ ಹೇಳುತ್ತ ಹೋದರು. ಬರುವುದು ಮುಗಿದ ಮೇಲೆ ಹಾಡುವುದು, ಹಾಡುವುದು ಮುಗಿದ ಮೇಲೆ ನೋಡುವುದು. ಒಂದೆರಡು ಕಡೆ ಇಬ್ಬರೂ ತಪ್ಪಿ, ಇಬ್ಬರೂ ನಾಲಿಗೆ ಕಚ್ಚಿಕೊಂಡು, ಮತ್ತೆ ಮೊದಲಿಂದ ಹೇಳಿದರು. ಅಮ್ಮಮ್ಮನ ಜೀವಮಾನದಲ್ಲೇ ಮೊದಲ ಸಲ ಸೊಳೆ ಒರಳಲ್ಲಿ ತಣ್ಣಗಾಯಿತು. ಯಾರಿಗೂ ಅದರ ನೆನಪಾಗಲಿಲ್ಲ.

ಕೊನೆಗೆ ಸುಲೋಚನಾ ನಮ್ಮ ಕಡೆ ತಿರುಗಿದರು. "ಮೊನ್ನೆ ಈ ಬಾಲಕನು ಹೇಳಿದಾಗ ನಾನು ನಕ್ಕೆನು. ಕ್ಷಮಿಸಬೇಕು. ಇದು ನಮ್ಮಲ್ಲಿ ಕಥೆಗಳ ನುಡಿ. ಬಸ್ಸಿನಲ್ಲಿ, ಅಂಗಡಿಯಲ್ಲಿ ಯಾರೂ ಆಡುವುದಿಲ್ಲ. ಸಾಲಿಗ್ರಾಮದ ಚಪ್ಪರದಲ್ಲಿ ಒಂದು ಮಗುವಿನ ಬಾಯಲ್ಲಿ ಅದನ್ನು ಕೇಳುವೆನೆಂದು ನಾನು ಎಣಿಸಿರಲಿಲ್ಲ."

"ನಿಮ್ಮ್ ಕನ್ನಡದ್ ಹಾಂಗೇ," ಅಂದರು ಲಚ್ಚಕ್ಕ.

ಸುಲೋಚನಾ ಒಂದು ಕ್ಷಣ ಯೋಚಿಸಿ, ಕಿವಿಯವರೆಗೆ ಕೆಂಪಾಗಿ ನಕ್ಕರು. ಆಮೇಲೆ ಅಮ್ಮಮ್ಮನ ಕೈ ಹಿಡಿದು, ಸಭೆಗೆ ಹೇಳುವ ಹಾಗೆ ಹೇಳಿದರು: "ಈ ರಾಗವು ಪುಸ್ತಕದಿಂದ ಬಾರದು. ನಾನೂ ಬಾಲ್ಯದಲ್ಲಿ ಹೀಗೆಯೇ ನಿಂತು ಪಠಿಸಿದೆನು. ಇದು ಅಂಥ ಶಾಲೆಯಲ್ಲಿ ನಿಂತವರಿಗೆ ಮಾತ್ರ ಬರುವುದು. ಈ ತಾಯಿಯು ಅಲ್ಲಿ ಇದ್ದರು. ಸಂಶಯವಿಲ್ಲ."

ಅಮ್ಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೊಗಿ ಕಣ್ಣಿಗ್ ಹೋಯ್ತ್," ಅಂದಳು. ಹೊಗೆ ಗಾಳಿಗೆ ಆಚೆ ಕಡೆಗೆ ಹೋಗುತ್ತಿತ್ತು.

ಎಲ್ಲರೂ ಜಗಲಿಯ ಕಡೆ ನೋಡಿದರು. ಸೋತವರು ಏನು ಹೇಳುತ್ತಾರೆ ಅಂತ. ಸಿಂಗಾರಜ್ಜಿ ಕವಳ ಉಗಿದು, ಬಾಯಿ ಒರೆಸಿ, ಕುಂಟುತ್ತ ಅಂಗಳಕ್ಕೆ ಇಳಿದು ಬಂದರು. ಬಂದವರೇ ಸುಲೋಚನಾರ ಎದುರು ನಿಂತು ಬೆರಳು ತೋರಿಸಿದರು.

"ಹ್ವಾಯ್ ಹೆಣ್ಣೇ, ನೀ ಆಗ್ಳಿಕೆ ಕೊನೀಗ್ ಹೇಳಿದ್ಯಲೆ, ಅದ್ ನನ್ ಜಾಗೆ. ಅತ್ಗೆ ನಂಗಂದೇಳಿ ಇಟ್ಟದ್ದ್. ನೀ ಬೇಕಾರೆ ಬೇರೆ ತಕೊ."

ಅಮ್ಮಮ್ಮ ನಾದಿನಿಯನ್ನು ನೋಡಿದಳು.

"ನಾ ಈ ಮನಿಗ್ ಬಂದಲ್ಲಿಂದ ಖಾಲಿ ಇತ್ತಲೆ," ಅಂದಳು. "ಇಷ್ಟ್ ದಿನ ಎಲ್ಲ್ ಹೋಯಿದ್ದೆ ಮಾರಾಯ್ತಿ?"

"ಜಗಲಿಯಗೇ ಇದ್ದಿದ್ದೆ. ನೀ ಕರೀಕ್ ಅಲ್ದಾ? ಬರೀ ಕಂಡ್ರೆ ಆತ್ತಾ? ಈಗ ಎಂತ ಹೇಳ್ಕ್, ಹೇಳ್."

ಹೊಸ ಸೊಳೆ ಬೇಯಿಸಿ ಮತ್ತೆ ಕುಟ್ಟಿದೆವು. ಸಿಂಗಾರಜ್ಜಿಯ "ಇಲ್ ಫ್ಯೂರ್" ಎಲ್ಲಕ್ಕಿಂತ ಜೋರಾಗಿತ್ತು, ಎಲ್ಲಕ್ಕಿಂತ ಅಪಸ್ವರವಾಗಿತ್ತು. ಯಾವಾಗಲೂ ತಾಳಕ್ಕಿಂತ ಒಂದು ಚೂರು ತಡ. ಇಷ್ಟು ವರ್ಷ ತಡ ಮಾಡಿದವರಿಗೆ ಆ ಚೂರು ಯಾವ ಲೆಕ್ಕ! ಅತಿಥಿಗೆ ನನ್ನ "ವೂ ಫ್ಯೂತ್" ಬಿಟ್ಟುಕೊಟ್ಟು ನಾನು ಹಸಿ ಹಿಟ್ಟು ತಿನ್ನುತ್ತ ಕೂತೆ. ಆ ದಿನದ ಹಪ್ಪಳ ಒಂದೂ ಸೀಳಲಿಲ್ಲ.

ಈಗ ಆ ಒರಳು ಮಾವನ ಹೊಸ ಮನೆಯ ಗೇಟಿನ ಹತ್ತಿರ ಬೋರಲಾಗಿದೆ, ಅದರ ಮೇಲೆ ಕ್ರೋಟನ್ ಗಿಡದ ಕುಂಡ. ಹಪ್ಪಳ ಬೇಕಾದರೆ ಕುಂದಾಪುರದ ಅಂಗಡಿಯಲ್ಲಿ ಪ್ಯಾಕೆಟ್ಟು ಸಿಗುತ್ತದೆ. ಗುಂಡಗೆ ಇರುತ್ತದೆ, ಉಪ್ಪು ಸರಿ ಇರುತ್ತದೆ, ದೂರಲು ಏನೂ ಇಲ್ಲ. ಬಾಯಲ್ಲಿಟ್ಟರೆ ಮಾತ್ರ ಅದನ್ನು ಮಾಡುವಾಗ ಯಾರೂ ಏನೂ ಮಾತಾಡಲಿಲ್ಲ ಅಂತ ಗೊತ್ತಾಗುತ್ತದೆ. ಸುಲೋಚನಾ ಆ ಮಳೆಗಾಲಕ್ಕೆ ಮೊದಲೇ ತಮ್ಮ ದೇಶಕ್ಕೆ ಹೋದರು. ಲಚ್ಚಕ್ಕನಿಗೆ ಮಂಡಿನೋವು, ಮೀನು ಬಿಟ್ಟು ಮಗಳ ಮನೆಯಲ್ಲಿದ್ದಾರೆ. ಅಮ್ಮನಿಗೆ ಒನಕೆ ಎತ್ತುವ ತೋಳಬಲ ಉಳಿದಿಲ್ಲ. ಅಮ್ಮಮ್ಮ ಇಲ್ಲ.

ನಾನು ಮದುವೆ ಆರತಕ್ಷತೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಸಿನಿಮಾ ನಟರು ನಾಲ್ಕು, ರಾಜಕಾರಣಿ ಎರಡು, ನಾಯಿ ಜಗಳ ಒಂದು. ಊಟದ ಗಂಟೆ ಹೊಡೆದರೆ ನಾಯಿ ಅರ್ಧದಲ್ಲೇ ನಿಲ್ಲಬೇಕು, ಕೇಳುವವರಿರುವುದಿಲ್ಲ. ಕೆಲಸವಿಲ್ಲದ ದಿನ ಕುಂದಾಪುರದಲ್ಲಿ ಮಾವನ ಮಗಳ ಫ್ಲ್ಯಾಟಿಗೆ ಹೋಗುತ್ತೇನೆ. ಅಲ್ಲಿ ಸಿಂಗಾರಜ್ಜಿ ಇದ್ದಾರೆ. ತೊಂಬತ್ತರ ಹತ್ತಿರ. ನನ್ನನ್ನು ಒಮ್ಮೆ ಸುಬ್ಬು ಅನ್ನುತ್ತಾರೆ, ಒಮ್ಮೆ ಕರೆಂಟ್ ಬಿಲ್ಲಿನವ ಅನ್ನುತ್ತಾರೆ. ಎರಡಕ್ಕೂ ನಾನು ಅವರವರ ಸ್ವರದಲ್ಲಿ ಉತ್ತರ ಕೊಡುತ್ತೇನೆ.

ಮೊನ್ನೆ ಅವರ ಮಂಚದ ಹತ್ತಿರ ಕೂತು ಸುಮ್ಮನೆ ಶುರು ಮಾಡಿದೆ. ಅಮ್ಮಮ್ಮನ ಸ್ವರದಲ್ಲಿ, "ಜ ಫ್ಯೂ." ಅಮ್ಮನ ಹರೆಯದ ಸ್ವರದಲ್ಲಿ ಎರಡನೆಯದು. ಬಂಗುಡೆಯ ವಾಸನೆ ಹೊಡೆಯುವ ಹಾಗೆ ಲಚ್ಚಕ್ಕನದು. ಎಲ್ಲರೂ ಒಟ್ಟಿಗೆ ಹೇಳುವುದನ್ನು ಒಬ್ಬನೇ ಹೇಳುವುದು ಎಂಥ ಮಿಮಿಕ್ರಿಯವನಿಗೂ ಆಗದ ಕೆಲಸ, ಆದಷ್ಟು ಹೇಳಿದೆ. ಐದನೆಯದು ನನ್ನದು. ಹೇಳಿ ನಿಲ್ಲಿಸಿದೆ.

ಸಿಂಗಾರಜ್ಜಿ ಕಿಟಕಿ ನೋಡುತ್ತಿದ್ದರು. ಅಂಗೈಗಳು ಒಂದರ ಮೇಲೊಂದು ಮೆಲ್ಲಗೆ ತಿರುಗತೊಡಗಿದವು, ಇಲ್ಲದ ಹಿಟ್ಟಿನ ಉಂಡೆ ಕಟ್ಟುತ್ತ.

"ಇಲ್ ಫ್ಯೂರ್," ಅಂದರು. ಅದೇ ಅಪಸ್ವರ, ತಾಳಕ್ಕಿಂತ ಒಂದು ಚೂರು ತಡ. ಆಮೇಲೆ ನನ್ನ ಕಡೆ ತಿರುಗಿ ಗದರಿದರು, "ಎಂತ ಬಾಯ್ ಬಿಟ್ಕಂಡ್ ಕೂತಿದ್ದೆ? ಬಿಸಿ ಆರ್ತ್, ಕುಟ್ಟ್!"

ಆ ಒರಳಿನ ಸುತ್ತ ಇದ್ದವರ ಸ್ವರವೆಲ್ಲ ಈಗ ನನ್ನ ಗಂಟಲಲ್ಲಿದೆ, ಅದೊಂದನ್ನು ಬಿಟ್ಟು. ಮನಸ್ಸು ಮಾಡಿದರೆ ಅರ್ಧ ದಿನದ ಕೆಲಸ. ಆದರೆ ನಾನು ಅದನ್ನು ಕಲಿಯಲು ಹೋಗಿಲ್ಲ. ಅದರ ಯಜಮಾನಿ ಇನ್ನೂ ಇದ್ದಾರೆ, ನನಗೇನೂ ಅವಸರವಿಲ್ಲ.